13 ವರ್ಷದ ಗುಂಡ್ಯಾನಿಗೆ ಹಲ್ಲಿನ ಶಸ್ತ್ರಚಿಕಿತ್ಸೆ: ಮಾಡಿಸಬೇಕೋ, ಬಿಡಬೇಕೋ?

ಮಾಳಮಡ್ಡಿಯವಳು — ನವೆಂಬರ್ 14

ಎಲ್ಲರಿಗೂ ನಮಸ್ಕಾರ. ನಮ್ಮ ಗುಂಡ್ಯಾನಿಗೆ ಈ ದೀಪಾವಳಿಗೆ 13 ವರ್ಷ ತುಂಬಿತು. ಅವನು ಬಿಳಿ ಪಾಮೇರಿಯನ್ ನಾಯಿ, ತೂಕ 9 ಕಿಲೋ. ಅಪ್ಪ ತೀರಿಕೊಂಡ ಮೇಲೆ ಅವ್ವನ ಹಾಸಿಗೆಯ ಪಕ್ಕದಲ್ಲಿ ಕೌದಿ ಹಾಸಿಕೊಂಡು ಮಲಗುವುದು ಅವನ ಕೆಲಸವಾಗಿದೆ.

ಎರಡು ವರ್ಷಗಳಿಂದ ಅವನ ಬಾಯಿ ವಾಸನೆ ಬರುತ್ತಿತ್ತು. ವಯಸ್ಸಾದ ನಾಯಿಯ ಬಾಯಿ ಹಾಗೆಯೇ ಇರುತ್ತದೆ ಎಂದು ನಾವು ತಿಳಿದಿದ್ದೆವು. ಅವ್ವ ಆಗಾಗ ಹತ್ತಿಯಲ್ಲಿ ಲವಂಗದ ಎಣ್ಣೆ ಅದ್ದಿ ಒಸಡಿಗೆ ಹಚ್ಚುತ್ತಿದ್ದರು. ಮೊದಲೆಲ್ಲ ಖಡಕ್ ರೊಟ್ಟಿಯ ತುಂಡು ಸಿಕ್ಕರೆ ಪಡಸಾಲೆಯ ಮೂಲೆಗೆ ಒಯ್ದು ಕಟಕಟನೆ ಕಡಿದು ತಿನ್ನುತ್ತಿದ್ದವನು, ಈಗ ಅದನ್ನು ಮೂಸಿ ಬಿಟ್ಟುಬಿಡುತ್ತಾನೆ; ಅನ್ನವನ್ನು ಒಂದೇ ಕಡೆಯಿಂದ ಅಗಿಯುತ್ತಾನೆ; ಚೆಂಡನ್ನು ತಂದು ಕೊಡುವುದನ್ನೂ ನಿಲ್ಲಿಸಿದ್ದಾನೆ. ಒಂದು ವರ್ಷದಿಂದ ಸೀನು ಬೇರೆ. ಅದನ್ನು ರಸ್ತೆಯ ಧೂಳಿನ ಮೇಲೆ ಹಾಕಿ ಸುಮ್ಮನಾಗಿದ್ದೆವು.

ಹತ್ತು ದಿನಗಳ ಹಿಂದೆ ಅವನ ಬಲಗಣ್ಣಿನ ಕೆಳಗೆ ನಿಂಬೆಕಾಯಿಯ ಗಾತ್ರದ ಊತ ಬಂದಿತು. ಕಣಜ ಕಡಿದಿರಬೇಕೆಂದು ಗಾಬರಿಯಿಂದ ವೈದ್ಯರಲ್ಲಿಗೆ ಒಯ್ದರೆ, ಅವರು ಕಣ್ಣನ್ನು ನೋಡುವ ಮೊದಲೇ ತುಟಿಯನ್ನು ಎತ್ತಿ ನೋಡಿದರು. ಮೇಲಿನ ದೊಡ್ಡ ದವಡೆ ಹಲ್ಲು ಕಂದುಬಣ್ಣದ ಕಲ್ಲಿನಿಂದ ಮುಚ್ಚಿಹೋಗಿತ್ತು. ಬೇರಿನಲ್ಲಿ ಕೀವು ತುಂಬಿ ಕಣ್ಣಿನ ಕೆಳಗೆ ಬಾವಾಗಿದೆ ಎಂದರು. ಔಷಧಿಯಿಂದ ಊತ ಇಳಿದಿದೆ. ಆದರೆ ಹಲ್ಲು ಒಳಗೇ ಇರುವವರೆಗೆ ಅದು ಮರಳಿ ಬರುತ್ತದೆ, ಪೂರ್ಣ ಅರಿವಳಿಕೆ ಕೊಟ್ಟು ಅದನ್ನೂ ಇನ್ನು ಕೆಲವು ಹಲ್ಲುಗಳನ್ನೂ ತೆಗೆಯಬೇಕು ಎಂದು ಹೇಳಿದ್ದಾರೆ.

ಅವ್ವ ಒಪ್ಪುತ್ತಿಲ್ಲ. "ಮುದುಕ ಆಗ್ಯಾನ, ಇನ್ನ ಎಷ್ಟ್ ದಿನಾ ಇರ್ತಾನ, ಅವನ್ನ ಕಾಡಬ್ಯಾಡ" ಎನ್ನುತ್ತಾರೆ. ಅವರ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಇಂಥದನ್ನು ಮಾಡಿಸಿದವರು, ಮಾಡಿಸದೆ ಬಿಟ್ಟವರು, ಇಬ್ಬರೂ ದಯವಿಟ್ಟು ಬರೆಯಿರಿ.

ಕೇಶ್ವಾಪುರ — ನವೆಂಬರ್ 14

ನಮ್ಮ ಲ್ಯಾಬ್ರಡಾರ್‌ಗೆ 11ನೆಯ ವಯಸ್ಸಿನಲ್ಲಿ ನಾಲ್ಕು ಹಲ್ಲು ತೆಗೆಸಿದೆವು. ಅದಾದ ಮೇಲೆ ಎರಡೂವರೆ ವರ್ಷ ಬದುಕಿತು, ಚೆನ್ನಾಗಿಯೇ ತಿಂದಿತು. ಒಂದು ಮಾತು ಹೇಳುತ್ತೇನೆ, ಅಕ್ಕನವರೇ: ನಾಯಿ ಊಟ ಮಾಡುತ್ತಿದೆ ಎಂಬುದನ್ನು ನೋವಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಹಿಡಿಯಬೇಡಿರಿ. ನಮ್ಮದು ಬೇರು ಕೊಳೆತ ಹಲ್ಲನ್ನು ಇಟ್ಟುಕೊಂಡೇ ದಿನಕ್ಕೆ ಎರಡು ಹೊತ್ತು ತಟ್ಟೆ ಖಾಲಿ ಮಾಡುತ್ತಿತ್ತು. ಅಗಿಯದೆ ನುಂಗುತ್ತಿತ್ತು ಎಂಬುದು ನಮಗೆ ತಡವಾಗಿ ತಿಳಿಯಿತು.

ರಾಣೇಬೆನ್ನೂರಿನಿಂದ — ನವೆಂಬರ್ 15

ನಾನು ಬರೆಯುವುದು ನಿಮಗೆ ಹಿತವಾಗಲಿಕ್ಕಿಲ್ಲ, ಆದರೂ ನೀವು ಕೇಳಿದ್ದರಿಂದ ಬರೆಯುತ್ತೇನೆ. ನಮ್ಮ ಮೋತಿ ಮೂರು ವರ್ಷಗಳ ಹಿಂದೆ ಹಲ್ಲಿನ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಹೋಯಿತು. ಅದಕ್ಕೆ 14 ವರ್ಷ. ರಕ್ತಪರೀಕ್ಷೆ ಆಗಿರಲಿಲ್ಲ, ಕೇಳಬೇಕೆಂಬ ತಿಳಿವಳಿಕೆಯೂ ನಮಗಿರಲಿಲ್ಲ. ಹೊಟ್ಟೆ ಖಾಲಿ ಇರಬೇಕೆಂದು ಹೇಳಿದ್ದರು. ಆದರೆ ಅಂದು ಬೆಳಿಗ್ಗೆ ನಾವು ಹೊರಡುವ ಗಡಿಬಿಡಿಯಲ್ಲಿ ಮನೆಯ ಹಿರಿಯರೊಬ್ಬರು, ಪಾಪ ಹಸಿದು ಹೋಗುತ್ತದಲ್ಲ ಎಂದು, ಒಂದು ಬಟ್ಟಲು ಹಾಲು ಕುಡಿಸಿದ್ದರು. ಅದು ನಮಗೆ ಗೊತ್ತಾಗಲಿಲ್ಲ. ಮಂಪರಿನಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯಿತು ಎಂದು ಆಮೇಲೆ ಹೇಳಿದರು. ಹಾಲು ಕೊಟ್ಟವರು ಇಂದಿಗೂ ಆ ಮಾತು ಬಂದರೆ ಎದ್ದು ಒಳಗೆ ಹೋಗುತ್ತಾರೆ.

ನಾನು ಬೇಡವೆಂದು ಹೇಳುತ್ತಿಲ್ಲ. ನಿಮ್ಮ ತಾಯಿಯವರ ಹೆದರಿಕೆ ಸುಳ್ಳಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಪಶುವೈದ್ಯ, ಹಾವೇರಿ ಜಿಲ್ಲೆ — ನವೆಂಬರ್ 15

ರಾಣೇಬೆನ್ನೂರಿನವರು ಬರೆದದ್ದನ್ನು ಓದಿ ಮನಸ್ಸಿಗೆ ನೋವಾಯಿತು. ಅವರು ಹೇಳಿದ ಎರಡು ಸಂಗತಿಗಳನ್ನೂ, ಅಂದರೆ ರಕ್ತಪರೀಕ್ಷೆಯನ್ನೂ ಖಾಲಿ ಹೊಟ್ಟೆಯನ್ನೂ, ಈ ಚರ್ಚೆಯನ್ನು ಓದುವ ಪ್ರತಿಯೊಬ್ಬರೂ ನೆನಪಿಡಬೇಕು.

ಮೊದಲು ಗುಂಡ್ಯಾನ ಬಾಯಿಯಲ್ಲಿ ಏನಾಗಿದೆ ಎಂಬುದನ್ನು ಹೇಳುತ್ತೇನೆ. ಬೆಳೆದ ನಾಯಿಗೆ 42 ಹಲ್ಲುಗಳಿರುತ್ತವೆ. ಪಾಮೇರಿಯನ್ನಿನಂಥ ಸಣ್ಣ ನಾಯಿಯ ಕಿರಿದಾದ ದವಡೆಯಲ್ಲಿಯೂ ಅಷ್ಟೇ ಹಲ್ಲುಗಳು ಒತ್ತಿಕೊಂಡು ನಿಲ್ಲಬೇಕಾಗುವುದರಿಂದ ಸಂದುಗಳಲ್ಲಿ ಆಹಾರ ಸಿಕ್ಕಿಕೊಂಡು ಅವುಗಳ ಒಸಡು ಬೇಗ ಕೆಡುತ್ತದೆ. ಹಲ್ಲಿನ ಮೇಲೆ ಕೂಡುವ ಮೆತ್ತನೆಯ ಪೊರೆ ಎರಡು ಮೂರು ದಿನಗಳಲ್ಲಿ ಎಂಜಲಿನ ಸುಣ್ಣದ ಅಂಶವನ್ನು ಹೀರಿ ಗಟ್ಟಿಯಾಗತೊಡಗುತ್ತದೆ. ನಮಗೆ ಕಾಣುವ ಕಲ್ಲು ಅದೇ. ಆದರೆ ಕೇಡು ನಡೆಯುವುದು ಕಾಣದ ಕಡೆ, ಒಸಡಿನ ಒಳಗೆ. ಆರೋಗ್ಯವಂತ ನಾಯಿಯಲ್ಲಿ ಹಲ್ಲಿಗೂ ಒಸಡಿಗೂ ನಡುವಿನ ಸಂದು 3 ಮಿಲಿಮೀಟರ್ ಮೀರುವುದಿಲ್ಲ. ರೋಗ ಬೆಳೆದಂತೆ ಆ ಸಂದು ಆಳವಾಗಿ, ಹಲ್ಲನ್ನು ಹಿಡಿದಿರುವ ಮೂಳೆ ಕರಗುತ್ತ ಹೋಗುತ್ತದೆ.

ಕಣ್ಣಿನ ಕೆಳಗಿನ ಬಾವು ಬರುವುದು ಬಹುತೇಕ ಮೇಲಿನ ನಾಲ್ಕನೆಯ ಮುಂದವಡೆ ಹಲ್ಲಿನಿಂದ. ಅದಕ್ಕೆ ಮೂರು ಬೇರುಗಳು. ಅವುಗಳ ತುದಿ ಕಣ್ಣಿನ ಕೆಳಭಾಗದ ಮೂಳೆಯವರೆಗೆ ಹೋಗಿರುತ್ತದೆ. ಔಷಧಿ ಕೀವನ್ನು ಇಳಿಸುತ್ತದೆ, ಸತ್ತ ಹಲ್ಲನ್ನು ಬದುಕಿಸುವುದಿಲ್ಲ. ಇನ್ನು ನೀವು ಧೂಳಿನದೆಂದು ತಿಳಿದ ಸೀನಿನ ಬಗ್ಗೆ ನಿಮ್ಮ ವೈದ್ಯರನ್ನು ಖಂಡಿತ ಕೇಳಿರಿ. ಮೇಲಿನ ಕೋರೆಹಲ್ಲಿನ ಬೇರಿಗೂ ಮೂಗಿನ ಕುಹರಕ್ಕೂ ನಡುವೆ ತೆಳುವಾದ ಮೂಳೆ ಮಾತ್ರ ಇರುತ್ತದೆ. ಅದು ಕರಗಿದರೆ ಬಾಯಿಯಿಂದ ಮೂಗಿಗೆ ತೂತು ಬಿದ್ದು, ನೀರು ಮತ್ತು ಅನ್ನದ ಅಗುಳು ಮೇಲೇರಿ ಸೀನು ಹಿಡಿಯುತ್ತದೆ.

ಅರಿವಳಿಕೆಯ ಅಪಾಯ ಎಷ್ಟು ಎಂಬುದಕ್ಕೆ ಅಂಕಿಗಳಿವೆ. ಬ್ರಿಟನ್ನಿನಲ್ಲಿ ಸುಮಾರು 98 ಸಾವಿರ ನಾಯಿಗಳನ್ನು ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅರಿವಳಿಕೆ ಮತ್ತು ಮಂಪರಿಗೆ ಸಂಬಂಧಿಸಿ ಸತ್ತ ನಾಯಿಗಳು ಶೇ. 0.17, ಆರೋಗ್ಯವಂತ ನಾಯಿಗಳಲ್ಲಿ ಅದು ಶೇ. 0.05, ಮೊದಲೇ ಕಾಯಿಲೆಯಿದ್ದವುಗಳಲ್ಲಿ ಶೇ. 1.33. ಅಲ್ಲಿನ ಸೌಕರ್ಯಗಳ ಅಂಕಿಯನ್ನು ನಮ್ಮ ಊರಿಗೆ ಹಾಗೆಯೇ ಹೊಂದಿಸಲಾಗದು. ಆದರೆ ಈ ಮೂರು ಅಂಕಿಗಳ ನಡುವಿನ ಅಂತರ ನಮಗೆ ಮುಖ್ಯ. ವಯಸ್ಸು ಅಪಾಯವನ್ನು ಏರಿಸುತ್ತದೆ, ನಿಜ. ಒಳಗೆ ಅಡಗಿದ ಕಾಯಿಲೆ ಅದನ್ನು ಇನ್ನೂ ಬಹಳವಾಗಿ ಏರಿಸುತ್ತದೆ. ಮುದಿ ನಾಯಿಯನ್ನು ಮೇಜಿನ ಮೇಲೆ ಮಲಗಿಸುವ ಮೊದಲು ಆ ಕಾಯಿಲೆಯನ್ನು ಹುಡುಕುವುದೇ ಪರೀಕ್ಷೆಗಳ ಉದ್ದೇಶ. ಅದೇ ಅಧ್ಯಯನದಲ್ಲಿ ಕಂಡ ಇನ್ನೊಂದು ಸಂಗತಿಯನ್ನು ಹೇಳಲೇಬೇಕು: ಸತ್ತ ನಾಯಿಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಸತ್ತದ್ದು ಶಸ್ತ್ರಚಿಕಿತ್ಸೆ ಮುಗಿದ ನಂತರ, ಅದರಲ್ಲಿಯೂ ಹೆಚ್ಚಿನವು ಮೊದಲ ಮೂರು ಗಂಟೆಗಳೊಳಗೆ. ಆದ್ದರಿಂದ ಕೆಲಸ ಮುಗಿಯಿತೆಂದು ನಾಯಿಯನ್ನು ಅವಸರದಿಂದ ಮನೆಗೆ ಒಯ್ಯಬೇಡಿರಿ.

ನಿಮ್ಮ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ. ಯಕೃತ್ತು, ಮೂತ್ರಪಿಂಡ, ಸಕ್ಕರೆ, ರಕ್ತಕಣಗಳ ಎಣಿಕೆ ಆಗುತ್ತದೆಯೇ? ಎದೆಯ ಬಡಿತದಲ್ಲಿ ಗೊರಗೊರ ಸದ್ದು ಇದ್ದರೆ ಎಕ್ಸ್-ರೇ ತೆಗೆಯುತ್ತಾರೆಯೇ? ಉಸಿರುನಳಿಗೆಗೆ ಕೊಳವೆ ಹಾಕುತ್ತಾರೆಯೇ? ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಹಲ್ಲಿನ ಕೆಲಸದಲ್ಲಿ ನೀರು, ರಕ್ತ, ಕಲ್ಲಿನ ಚೂರು ಎಲ್ಲವೂ ಗಂಟಲಿನ ಕಡೆಗೇ ಹರಿಯುತ್ತವೆ. ತುದಿಯಲ್ಲಿ ಗಾಳಿ ತುಂಬಿದ ಕೊಳವೆಯಷ್ಟೇ ಅವು ಶ್ವಾಸಕೋಶಕ್ಕೆ ಇಳಿಯದಂತೆ ತಡೆಯುತ್ತದೆ. ಸಲೈನ್, ರಕ್ತದೊತ್ತಡದ ಮಾಪನ, ಮೈ ಬೆಚ್ಚಗಿಡುವ ವ್ಯವಸ್ಥೆ ಇವೆಯೇ? ಹಲ್ಲಿನ ಎಕ್ಸ್-ರೇ ಇದೆಯೇ? ಎಲ್ಲ ಕಡೆ ಇರುವುದಿಲ್ಲ. ಇಲ್ಲದಿದ್ದರೆ ಸಾಮಾನ್ಯ ಯಂತ್ರದಲ್ಲಿ ದವಡೆಯನ್ನು ಓರೆಯಾಗಿಟ್ಟು ತೆಗೆದರೂ ಸ್ವಲ್ಪ ಮಟ್ಟಿಗೆ ತಿಳಿಯುತ್ತದೆ. ಇಂಥ ಪ್ರಶ್ನೆಗಳಿಗೆ ಒಳ್ಳೆಯ ವೈದ್ಯರು ಸಿಟ್ಟಾಗುವುದಿಲ್ಲ.

ಲವಂಗದ ಎಣ್ಣೆಯನ್ನು ಇಂದೇ ನಿಲ್ಲಿಸಿರಿ. ಅದು ಒಸಡನ್ನು ಸುಡುತ್ತದೆ.

ಉಣಕಲ್ ಕೆರೆಯ ದಂಡೆ — ನವೆಂಬರ್ 16

ಡಾಕ್ಟರೇ, ಒಂದು ಸಂದೇಹ. ಅರಿವಳಿಕೆಯೇ ಇಲ್ಲದೆ, ನಾಯಿಯನ್ನು ಹಿಡಿದುಕೊಂಡು ಹಲ್ಲಿನ ಕಲ್ಲನ್ನು ಕೆರೆದು ಕೊಡುವವರಿದ್ದಾರೆ ಎಂದು ಕೇಳಿದ್ದೇನೆ. ಮುದಿ ನಾಯಿಗೆ ಅದು ಸುರಕ್ಷಿತವಲ್ಲವೇ?

ಪಶುವೈದ್ಯ, ಹಾವೇರಿ ಜಿಲ್ಲೆ — ನವೆಂಬರ್ 16

ಹಲ್ಲು ಬೆಳ್ಳಗಾಗುತ್ತದೆ, ರೋಗ ಹಾಗೆಯೇ ಉಳಿಯುತ್ತದೆ. ಎಚ್ಚರವಿರುವ ನಾಯಿಯ ಒಸಡಿನ ಒಳಗೆ ಉಪಕರಣ ಹಾಕಲು ಆಗುವುದಿಲ್ಲ, ಹಾಕಿದರೆ ಅದಕ್ಕೆ ವಿಪರೀತ ನೋವು. ಮೇಲಿನದನ್ನು ಮಾತ್ರ ಕೆರೆದರೆ ಹಲ್ಲಿನ ಮೇಲ್ಮೈ ಒರಟಾಗಿ ಪೊರೆ ಇನ್ನೂ ಬೇಗ ಕೂಡುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಬಿಳಿ ಹಲ್ಲನ್ನು ನೋಡಿ ಮನೆಯವರು ಮತ್ತೊಂದು ವರ್ಷ ನಿಶ್ಚಿಂತರಾಗಿಬಿಡುತ್ತಾರೆ.

ಬೆಟಗೇರಿ ಮಗ್ಗದ ಮನೆ — ನವೆಂಬರ್ 17

ನಾವು ಮಾಡಿಸದೆ ಬಿಟ್ಟವರು. ಆದ್ದರಿಂದ ನಮ್ಮ ಮಾತೂ ಇಲ್ಲಿರಲಿ. ನಮ್ಮದು ಮುಧೋಳ ತಳಿಯ ಹೆಣ್ಣು ನಾಯಿ, 12 ದಾಟಿತ್ತು. ಗದಗಿನ ಪಶುವೈದ್ಯಕೀಯ ಕಾಲೇಜಿಗೆ ತೋರಿಸಿದೆವು. ರಕ್ತಪರೀಕ್ಷೆಯಲ್ಲಿ ಅದರ ಮೂತ್ರಪಿಂಡ ಬಹಳ ಕೆಟ್ಟಿರುವುದು ಗೊತ್ತಾಯಿತು. ಹಲ್ಲನ್ನು ಕೀಳಿಸುವ ಯೋಚನೆಯನ್ನು ಬಿಟ್ಟು, ನೋವು ಕಡಿಮೆ ಮಾಡುವ ಔಷಧಿ, ವೈದ್ಯರು ಬರೆದುಕೊಟ್ಟ ಬಾಯಿ ತೊಳೆಯುವ ದ್ರಾವಣ, ನುಣ್ಣಗೆ ಕಲಸಿದ ಅನ್ನ ಮತ್ತು ಮೊಟ್ಟೆ, ಇಷ್ಟರಲ್ಲಿಯೇ ಏಳು ತಿಂಗಳು ನೋಡಿಕೊಂಡೆವು. ಮಗ್ಗದ ಸದ್ದಿಲ್ಲದ ಕೋಣೆಯಲ್ಲಿ ಅದಕ್ಕೆ ಜಾಗ ಮಾಡಿಕೊಟ್ಟಿದ್ದೆವು. ಪರೀಕ್ಷೆ ಮಾಡಿಸದೆ ಬಿಟ್ಟಿದ್ದರೆ ನಮ್ಮ ಮನಸ್ಸಿಗೆ ಸಮಾಧಾನ ಇರುತ್ತಿರಲಿಲ್ಲ. ಪರೀಕ್ಷೆ ಮಾಡಿಸಿ ಬಿಟ್ಟದ್ದರಿಂದ ಇದೆ.

ಮುಧೋಳ ನಾಯಿ ಸಾಕಿದವರಿಗೆ ಇನ್ನೊಂದು ವಿಷಯ ತಿಳಿದಿರಲಿ. ಇವು ಕೊಬ್ಬಿಲ್ಲದ ತೆಳು ಮೈಯವು, ಬೇಟೆ ನಾಯಿಯ ಜಾತಿ. ಕೆಲವು ಅರಿವಳಿಕೆ ಔಷಧಿಗಳಿಂದ ಇವು ಎಚ್ಚರಗೊಳ್ಳಲು ಬಹಳ ಹೊತ್ತು ಹಿಡಿಯುತ್ತವೆ ಎಂದು ನಮಗೆ ಅಲ್ಲಿ ವಿವರಿಸಿದ್ದರು.

ಪಶುವೈದ್ಯ, ಹಾವೇರಿ ಜಿಲ್ಲೆ — ನವೆಂಬರ್ 17

ಬೆಟಗೇರಿಯವರು ಮಾಡಿದ್ದು ಸರಿಯಾದ ನಿರ್ಧಾರ, ಬಿಟ್ಟುಬಿಟ್ಟದ್ದಲ್ಲ. ತಳಿಯ ಬಗ್ಗೆ ಹೇಳಿದ್ದೂ ನಿಜ: ಥಯೋಪೆಂಟೋನ್ ಎಂಬ ಹಳೆಯ ಔಷಧಿಯ ಪ್ರಭಾವ ಗ್ರೇಹೌಂಡ್‌ನಂಥ ತೆಳು ನಾಯಿಗಳಲ್ಲಿ ದೀರ್ಘಕಾಲ ಉಳಿಯುತ್ತದೆ, ಮುಧೋಳದಲ್ಲಿಯೂ ಅದೇ ಎಚ್ಚರಿಕೆ ಬೇಕು. ಮೂತ್ರಪಿಂಡ ಕೆಟ್ಟ ನಾಯಿಗೆ ಮೆಲಾಕ್ಸಿಕ್ಯಾಮ್‌ನಂಥ ನೋವಿನ ಔಷಧಿಯನ್ನು ಮನೆಯವರು ತಾವಾಗಿ ಕೊಡಬಾರದು ಎಂಬುದನ್ನು ಸೇರಿಸುತ್ತೇನೆ.

ಮಾಳಮಡ್ಡಿಯವಳು — ನವೆಂಬರ್ 25

ನೀವೆಲ್ಲ ಬರೆದದ್ದನ್ನು ಅವ್ವನಿಗೆ ಓದಿ ಹೇಳಿದೆ. ರಾಣೇಬೆನ್ನೂರಿನವರ ಮಾತನ್ನು ಬಿಟ್ಟುಬಿಡಬೇಕೆಂದು ಮೊದಲು ಅನ್ನಿಸಿತು, ಆಮೇಲೆ ಅದನ್ನೂ ಓದಿದೆ. ಅವ್ವ ಬಹಳ ಹೊತ್ತು ಸುಮ್ಮನಿದ್ದು, "ಪರೀಕ್ಷಾ ಅಂತೂ ಮಾಡಸು, ಕತ್ತರಿ ಮಾತು ಆಮ್ಯಾಲೆ" ಎಂದರು.

ಪರೀಕ್ಷೆ ಮಾಡಿಸಿದ್ದು ಒಳ್ಳೆಯದಾಯಿತು. ಮೂತ್ರಪಿಂಡ, ಯಕೃತ್ತು ಅವನ ವಯಸ್ಸಿಗೆ ಚೆನ್ನಾಗಿವೆ. ಹೃದಯದಲ್ಲಿ ಸಣ್ಣ ಸದ್ದು ಇದೆ, ಆದರೆ ಎಕ್ಸ್-ರೇಯಲ್ಲಿ ಹೃದಯ ದೊಡ್ಡದಾಗಿಲ್ಲ. ತೊಂದರೆ ಕಂಡದ್ದು ಯಾರೂ ನೆನೆಸದ ಕಡೆ: ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳ ಎಣಿಕೆ 78,000 ಮಾತ್ರ. ಕನಿಷ್ಠ ಎರಡು ಲಕ್ಷವಾದರೂ ಇರಬೇಕಿತ್ತಂತೆ. ರಕ್ತ ಹೀರುವ ಉಣ್ಣೆಹುಳದ ಕಡಿತದಿಂದ ಬರುವ ಎರ್ಲಿಕಿಯಾ ಎಂಬ ಸೋಂಕು ಎಂದು ಇನ್ನೊಂದು ಪರೀಕ್ಷೆಯಲ್ಲಿ ಖಚಿತವಾಯಿತು. ಮೈಮೇಲೆ ಒಂದು ಉಣ್ಣೆಯೂ ಕಾಣುತ್ತಿರಲಿಲ್ಲ, ಮಳೆಗಾಲದಲ್ಲಿ ಒಂದೆರಡನ್ನು ಕಿತ್ತು ಹಾಕಿದ್ದೆವಷ್ಟೆ. ಈ ಸ್ಥಿತಿಯಲ್ಲಿ ಹಲ್ಲು ಕಿತ್ತಿದ್ದರೆ ರಕ್ತ ನಿಲ್ಲಿಸುವುದು ಕಷ್ಟವಾಗುತ್ತಿತ್ತು ಎಂದು ವೈದ್ಯರು ಹೇಳಿ, 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ ಬರೆದಿದ್ದಾರೆ. ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗಿದೆ.

ಪಶುವೈದ್ಯ, ಹಾವೇರಿ ಜಿಲ್ಲೆ — ನವೆಂಬರ್ 26

ನಮ್ಮ ಸೀಮೆಯಲ್ಲಿ ಇದು ಬಹಳ ಸಾಮಾನ್ಯ, ಆದ್ದರಿಂದಲೇ ರಕ್ತಕಣಗಳ ಎಣಿಕೆಯನ್ನು ಎಂದಿಗೂ ಬಿಡಬಾರದು. ಮಾತ್ರೆಯನ್ನು ಊಟದೊಂದಿಗೆ ಕೊಟ್ಟು ಮೇಲೆ ಸ್ವಲ್ಪ ನೀರು ಕುಡಿಸಿರಿ, ಹಾಲಿನಲ್ಲಿ ಬೆರೆಸಬೇಡಿರಿ. ಒಂದು ವಾರಕ್ಕೆ ನಾಯಿ ಲವಲವಿಕೆಯಿಂದ ಇರುವುದನ್ನು ನೋಡಿ ಮಾತ್ರೆ ನಿಲ್ಲಿಸುವವರು ಬಹಳ ಜನ, ನೀವು 28 ದಿನಗಳನ್ನೂ ಪೂರೈಸಿರಿ. ಧಾರವಾಡದ ಮಾಳಮಡ್ಡಿಯಲ್ಲಿ ಹಳೆಯ ಮನೆಗಳು ಹೆಚ್ಚು. ನಾಯಿಯ ಕಂದು ಉಣ್ಣೆ ಗೋಡೆಯ ಬಿರುಕಿನಲ್ಲಿ, ಕೌದಿಯ ಮಡಿಕೆಯಲ್ಲಿ ತಿಂಗಳುಗಟ್ಟಲೆ ಅಡಗಿರಬಲ್ಲದು. ಗುಂಡ್ಯಾನ ಮೈಗೆ ಔಷಧಿ ಹಾಕಿದಂತೆಯೇ ಮನೆಯ ಬಿರುಕುಗಳನ್ನೂ ನೋಡಿಕೊಳ್ಳಿರಿ.

ಮಾಳಮಡ್ಡಿಯವಳು — ಜನವರಿ 10

ನಿನ್ನೆ ಶಸ್ತ್ರಚಿಕಿತ್ಸೆ ಆಯಿತು. ಗುಂಡ್ಯಾ ಮನೆಯಲ್ಲಿದ್ದಾನೆ. ರಾತ್ರಿಯಿಡೀ ಎದ್ದಿದ್ದೆ, ಆದರೂ ಮರೆಯುವ ಮೊದಲು ಬರೆಯುತ್ತೇನೆ.

ಕಳೆದ ವಾರದ ಎಣಿಕೆಯಲ್ಲಿ ಪ್ಲೇಟ್‌ಲೆಟ್ 2,10,000 ಬಂದಿತ್ತು. ಆ ಕಾಗದವನ್ನು ನೋಡಿದ ಮೇಲೆಯೇ ಅವ್ವ ಒಪ್ಪಿದ್ದು. ಹಿಂದಿನ ರಾತ್ರಿ ಎಂಟಕ್ಕೆ ಕೊನೆಯ ಊಟ, ಹೊರಡುವವರೆಗೂ ನೀರಿಗೆ ಅಡ್ಡಿಯಿರಲಿಲ್ಲ. ರಾಣೇಬೆನ್ನೂರಿನವರು ಬರೆದದ್ದು ನನ್ನ ತಲೆಯಿಂದ ಹೋಗಿರಲಿಲ್ಲವಾದ್ದರಿಂದ, ಅಡುಗೆಮನೆಯ ಬಾಗಿಲಿಗೆ ದೊಡ್ಡ ಅಕ್ಷರಗಳಲ್ಲಿ ಒಂದು ಚೀಟಿ ಬರೆದು ಅಂಟಿಸಿದೆ: "ಗುಂಡ್ಯಾಗ ಇವತ್ತ ಏನೂ ಕೊಡಬ್ಯಾಡ್ರಿ. ಹಾಲೂ ಬ್ಯಾಡ." ಮುಂಜಾನೆ ಹೂ ಕೊಡಲು ಬರುವವರಿಂದ ಹಿಡಿದು ಪಾತ್ರೆ ತೊಳೆಯುವವರವರೆಗೆ ಎಲ್ಲರಿಗೂ ಅದನ್ನು ಓದಿ ಹೇಳಿದೆ. ಗುಂಡ್ಯಾನಿಗೆ ಬಿಸ್ಕತ್ತು ಕೊಡದೆ ಯಾರೂ ನಮ್ಮ ಮನೆಯಿಂದ ಹೋಗುವುದಿಲ್ಲ.

ಧಾರವಾಡದಿಂದ ಹುಬ್ಬಳ್ಳಿಗೆ ಕಾರಿನಲ್ಲಿ ಒಯ್ದೆವು. ಚಳಿ ಬಹಳವಿತ್ತು. ಒಳಗೆ ಕರೆದೊಯ್ಯುವಾಗ ಅವನು ತಿರುಗಿ ಅವ್ವನನ್ನು ನೋಡಿದ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗಿನ ಬೆಂಚಿನ ಮೇಲೆ ಕುಳಿತವರು ಎರಡು ಗಂಟೆ ಹತ್ತು ನಿಮಿಷ ನೀರು ಸಹ ಕುಡಿಯಲಿಲ್ಲ.

ಒಟ್ಟು ಒಂಬತ್ತು ಹಲ್ಲುಗಳನ್ನು ತೆಗೆದರು. ಮೂರು ಬೇರಿನ ಆ ದೊಡ್ಡ ಹಲ್ಲನ್ನು ಇಡಿಯಾಗಿ ಎಳೆಯುವುದಿಲ್ಲವಂತೆ. ಒಸಡನ್ನು ಬಿಡಿಸಿ, ಹಲ್ಲನ್ನು ಮೂರು ಭಾಗ ಮಾಡಿ, ಒಂದೊಂದು ಬೇರನ್ನೂ ಬೇರೆಬೇರೆಯಾಗಿ ಸಡಿಲಿಸಿ ತೆಗೆದು, ಒಸಡನ್ನು ಮತ್ತೆ ಎಳೆದು ಹೊಲಿಗೆ ಹಾಕಿದ್ದಾರೆ. ಹೊಲಿಗೆ ತಾನಾಗಿ ಕರಗುತ್ತದೆ. ಹಾವೇರಿಯ ಡಾಕ್ಟರು ಊಹಿಸಿದ್ದು ಸರಿಯಾಗಿತ್ತು: ಬಲಗಡೆಯ ಮೇಲಿನ ಕೋರೆಹಲ್ಲು ಅಲುಗಾಡುತ್ತಿತ್ತು, ಅದರ ಹಿಂದೆ ಮೂಗಿನವರೆಗೆ ತೂತು ಇತ್ತು. ಅದನ್ನೂ ಮುಚ್ಚಿದ್ದಾರೆ. ಅಂದರೆ ಒಂದು ವರ್ಷ ಅವನು ಕುಡಿದ ನೀರು ಮೂಗಿಗೆ ಏರುತ್ತಿತ್ತು, ನಾವು ಧೂಳು ಎನ್ನುತ್ತಿದ್ದೆವು. ಇದನ್ನು ಬರೆಯುವಾಗ ನನಗೆ ಕೈ ಬರುತ್ತಿಲ್ಲ.

ತೆಗೆಯುವ ಮೊದಲು ದವಡೆಯ ನರಕ್ಕೂ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟಿದ್ದರಿಂದ ಅರಿವಳಿಕೆ ಕಡಿಮೆ ಸಾಕಾಯಿತು, ಎಚ್ಚರವಾದಾಗಲೂ ತಕ್ಷಣ ನೋವು ಕಾಣಲಿಲ್ಲ. ಸಂಜೆ ಐದರವರೆಗೆ ಅಲ್ಲಿಯೇ ಇರಿಸಿಕೊಂಡರು. ನಾವೂ ಕೇಳಿ ಇದ್ದೆವು.

ರಾತ್ರಿ ಮಾತ್ರ ಕಷ್ಟವಾಯಿತು. ಹನ್ನೊಂದರಿಂದ ಎರಡರವರೆಗೆ ಕುಂಯ್‌ಗುಡುತ್ತಲೇ ಇದ್ದ, ನಾವು ಯಾರೆಂಬುದೂ ಗೊತ್ತಾಗದವನಂತೆ ಗೋಡೆಯನ್ನು ನೋಡುತ್ತಿದ್ದ. ಮಂಪರು ಇಳಿಯುವಾಗ ಕೆಲವು ನಾಯಿಗಳು ಹೀಗೆ ಮಾಡುತ್ತವೆ ಎಂದು ಮೊದಲೇ ಹೇಳಿದ್ದರಿಂದ ಧೈರ್ಯ ತಂದುಕೊಂಡೆ. ಬಾಟಲಿಗೆ ಬೆಚ್ಚನೆಯ ನೀರು ತುಂಬಿ ಎರಡು ಸುತ್ತು ಬಟ್ಟೆ ಸುತ್ತಿ ಬೆನ್ನಿನ ಬಳಿ ಇಟ್ಟೆ. ಮಂಚದ ಮೇಲೆ ಮಲಗಿಸಲಿಲ್ಲ. ಜೊಲ್ಲಿನಲ್ಲಿ ತಿಳಿಗೆಂಪು ಇದೆ, ಸ್ವಲ್ಪ ಕೆಮ್ಮೂ ಇದೆ. ಇದು ಸರಿಯೇ?

ಪಶುವೈದ್ಯ, ಹಾವೇರಿ ಜಿಲ್ಲೆ — ಜನವರಿ 10

ಒಂದೆರಡು ದಿನ ಜೊಲ್ಲು ತಿಳಿಗೆಂಪಾಗಿರುವುದು, ಕೊಳವೆ ಹಾಕಿದ್ದರಿಂದ ಸ್ವಲ್ಪ ಕೆಮ್ಮು, ಎರಡೂ ಸಹಜ. ಹನಿಹನಿಯಾಗಿ ಹಸಿರಕ್ತ ತೊಟ್ಟಿಕ್ಕಿದರೆ, ಒಸಡು ಬಿಳಿಚಿಕೊಂಡರೆ, ಉಸಿರಾಟ ಕಷ್ಟವಾದರೆ, ವಾಂತಿ ನಿಲ್ಲದಿದ್ದರೆ, ಒಂದು ದಿನ ಕಳೆದರೂ ಮೂತ್ರ ಹೋಗದಿದ್ದರೆ ಅಥವಾ ಏನನ್ನೂ ಮುಟ್ಟದಿದ್ದರೆ ತಡಮಾಡದೆ ಒಯ್ಯಿರಿ.

ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆಯನ್ನು ಯಾವ ಕಾರಣಕ್ಕೂ ಕೊಡಬೇಡಿರಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್ ಇವುಗಳಿಂದ ಯಕೃತ್ತು, ಹೊಟ್ಟೆ, ಮೂತ್ರಪಿಂಡ ಕೆಟ್ಟು ಬಂದ ನಾಯಿಗಳನ್ನು ನಾನು ನೋಡಿದ್ದೇನೆ. ಕೊಟ್ಟವರೆಲ್ಲರೂ ಪ್ರೀತಿಯಿಂದಲೇ ಕೊಟ್ಟಿರುತ್ತಾರೆ.

ಕೇಶ್ವಾಪುರ — ಜನವರಿ 11

ಊಟದ ವಿಷಯಕ್ಕೆ ನಮ್ಮ ಅನುಭವ: ಜೋಳದ ನುಚ್ಚನ್ನು ಚೆನ್ನಾಗಿ ಬೇಯಿಸಿ ಆರಿಸಿ, ಕೋಳಿಯ ಮಾಂಸವನ್ನು ಎಲುಬಿಲ್ಲದೆ ಬೇಯಿಸಿ ನುಣ್ಣಗೆ ಅರೆದು ಅದರಲ್ಲಿ ಕಲಸುತ್ತಿದ್ದೆವು. ಬಿಸಿ ಇರಬಾರದು. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರನ್ನು ಬೆರೆಸಬೇಡಿರಿ. ಅವು ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ, ನಿಮ್ಮವನ ರಕ್ತ ಈಗಷ್ಟೇ ಸುಧಾರಿಸಿದೆ.

ಮಾಳಮಡ್ಡಿಯವಳು — ಜನವರಿ 13

ಮೂರನೆಯ ದಿನದಿಂದ ತಾನೇ ತಟ್ಟೆಯ ಬಳಿ ಬರುತ್ತಿದ್ದಾನೆ. ಮೊದಲ ದಿನ ಅವ್ವ ಬೆರಳಿನ ತುದಿಯಲ್ಲಿ ಗಂಜಿ ನೆಕ್ಕಿಸಿದ್ದರು. ನುಚ್ಚಿನ ಸಲಹೆ ಬಹಳ ಉಪಯೋಗಕ್ಕೆ ಬಂತು. ಕೊರಳಿಗೆ ಹಾಕಿದ ಪ್ಲಾಸ್ಟಿಕ್ ಕೊಳಗ ಅವನಿಗೆ ಸಹಿಸುತ್ತಿಲ್ಲ, ಬಾಗಿಲ ಚೌಕಟ್ಟಿಗೆ ತಗಲಿಸಿಕೊಂಡು ನಿಂತುಬಿಡುತ್ತಾನೆ. ಆದರೂ ಪಂಜದಿಂದ ಬಾಯಿ ಉಜ್ಜಿಕೊಳ್ಳುವುದನ್ನು ನೋಡಿ ತೆಗೆದಿಲ್ಲ.

ಮಾಳಮಡ್ಡಿಯವಳು — ಜನವರಿ 24

ಎರಡು ವಾರದ ತಪಾಸಣೆ ಮುಗಿಯಿತು. ಹೊಲಿಗೆ ಕೂಡಿಕೊಂಡಿದೆ, ತೂತು ಮುಚ್ಚಿದೆ. ಹದಿನೈದು ದಿನಗಳಲ್ಲಿ ಅವನು ಒಮ್ಮೆಯೂ ಸೀನಿಲ್ಲ. ಕೋರೆಹಲ್ಲು ಹೋದ ಕಡೆ ಮೇಲಿನ ತುಟಿ ಸ್ವಲ್ಪ ಒಳಗೆ ಸರಿದು ಮುಖ ಓರೆಯಾಗಿ ಕಾಣುತ್ತದೆ. ನೋವಿನ ಮಾತ್ರೆ ನಿಲ್ಲಿಸಿ ಒಂಬತ್ತು ದಿನಗಳಾದವು.

ನಿನ್ನೆ ಸಂಜೆ ಅವ್ವ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದಾಗ ಗುಂಡ್ಯಾ ಅಟ್ಟದ ಮೆಟ್ಟಿಲ ಕೆಳಗಿನಿಂದ ಹಳೆಯ ಚೆಂಡನ್ನು ಕಚ್ಚಿಕೊಂಡು ಬಂದು ಅವರ ಮೊರದಲ್ಲಿ ಹಾಕಿದ. ಗಟ್ಟಿ ಚೆಂಡು ಇನ್ನೂ ಕೂಡದು ಎಂದು ನಾನು ಅದನ್ನು ಎತ್ತಿಟ್ಟೆ. ಅವ್ವ ನನ್ನ ಕೂಡ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಳೆಯ ಕಾಲುಚೀಲಕ್ಕೆ ಅರಿವೆ ತುಂಬಿ ಹೊಲಿದು ಮೆತ್ತನೆಯ ಚೆಂಡು ಮಾಡಿಕೊಟ್ಟರು. ನೂಲು ಬಿಚ್ಚಿ ನುಂಗದಂತೆ ಅದನ್ನು ಆಡಿಸುವಾಗ ಮಾತ್ರ ಹೊರಗೆ ತೆಗೆಯುತ್ತೇವೆ.

ಉಣಕಲ್ ಕೆರೆಯ ದಂಡೆ — ಜನವರಿ 25

ಬಹಳ ಸಂತೋಷವಾಯಿತು. ಉಳಿದ ಹಲ್ಲುಗಳನ್ನು ಉಜ್ಜುವುದನ್ನು ಯಾವಾಗ ಆರಂಭಿಸಬೇಕು? ನಮ್ಮದು ಆರು ವರ್ಷದ್ದು, ಈ ಚರ್ಚೆಯನ್ನು ಓದಿದ ಮೇಲೆ ನಾನೂ ಆರಂಭಿಸಬೇಕೆಂದಿದ್ದೇನೆ.

ಪಶುವೈದ್ಯ, ಹಾವೇರಿ ಜಿಲ್ಲೆ — ಜನವರಿ 25

ಗುಂಡ್ಯಾನಿಗೆ ಒಸಡು ಪೂರ್ತಿ ಮಾಗಿದೆ ಎಂದು ಅವನ ವೈದ್ಯರು ಹೇಳಿದ ಮೇಲೆ. ನಿಮ್ಮದಕ್ಕೆ ಇಂದಿನಿಂದಲೇ. ಮೊದಲ ವಾರ ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ತುಟಿಯ ಒಳಗಿನಿಂದ ಹಲ್ಲಿನ ಹೊರಬದಿಯನ್ನು ಮಾತ್ರ ಸವರಿರಿ, ಬಾಯಿ ತೆರೆಸಬೇಕಾಗಿಲ್ಲ. ಒಪ್ಪಿಕೊಂಡ ಮೇಲೆ ಮೆತ್ತನೆಯ ಬ್ರಷ್. ಪೊರೆ ಕಲ್ಲಾಗಲು ಎರಡು ಮೂರು ದಿನ ಸಾಕು ಎಂದು ಹೇಳಿದ್ದೆನಲ್ಲ, ಆದ್ದರಿಂದ ವಾರಕ್ಕೊಮ್ಮೆ ಉಜ್ಜಿ ಹೆಚ್ಚು ಪ್ರಯೋಜನವಿಲ್ಲ, ದಿನಾಲೂ ಬೇಕು. ನಮ್ಮ ಟೂತ್‌ಪೇಸ್ಟ್ ಬಳಸಬೇಡಿರಿ: ಅದನ್ನು ಉಗುಳಲು ನಾಯಿಗೆ ಬರುವುದಿಲ್ಲ, ಮತ್ತು ಕೆಲವುಗಳಲ್ಲಿ ಇರುವ ಜೈಲಿಟಾಲ್ ಎಂಬ ಸಿಹಿ ಪದಾರ್ಥ ನಾಯಿಯ ರಕ್ತದ ಸಕ್ಕರೆಯನ್ನು ಹಠಾತ್ತನೆ ಇಳಿಸಿ ಯಕೃತ್ತನ್ನೂ ಕೆಡಿಸುತ್ತದೆ. ಹಲ್ಲು ಗಟ್ಟಿಯಾಗಲೆಂದು ದೊಡ್ಡ ಎಲುಬು ಕೊಡುವ ರೂಢಿಯನ್ನೂ ಬಿಡಿರಿ. ಆ ದೊಡ್ಡ ದವಡೆ ಹಲ್ಲು ಸೀಳುವುದು ಹೆಚ್ಚಾಗಿ ಅದರಿಂದಲೇ.

ರಾಣೇಬೆನ್ನೂರಿನಿಂದ — ಮಾರ್ಚ್ 2

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಮೋತಿ ತೀರಿಕೊಂಡ ವರ್ಷವೇ ನಮ್ಮ ಮನೆಗೆ ಒಂದು ಬೀದಿ ನಾಯಿ ಬಂದು ಸೇರಿಕೊಂಡಿತ್ತು. ಅದರ ವಯಸ್ಸು ಹತ್ತರ ಮೇಲೆ ಎನ್ನುತ್ತಾರೆ. ಅದರ ಬಾಯಿಯೂ ಕೆಟ್ಟಿದೆ ಎಂಬುದು ನನಗೆ ಕಳೆದ ವರ್ಷದಿಂದ ಗೊತ್ತು. ಗೊತ್ತಿದ್ದೂ ತುಟಿ ಎತ್ತಿ ನೋಡುತ್ತಿರಲಿಲ್ಲ. ಜನವರಿಯಲ್ಲಿ ನೀವು ಬರೆದದ್ದನ್ನು ಓದಿದ ಮೇಲೆ ನೋಡಿದೆ. ರಕ್ತಪರೀಕ್ಷೆ, ಎದೆಯ ಎಕ್ಸ್-ರೇ ಆಗಿವೆ, ಪ್ಲೇಟ್‌ಲೆಟ್ ಸರಿಯಾಗಿದೆ. ಶಸ್ತ್ರಚಿಕಿತ್ಸೆ ಹುಬ್ಬಳ್ಳಿಯಲ್ಲಿ, ಇದೇ ಗುರುವಾರ.

ಮಾಳಮಡ್ಡಿಯವಳು — ಮಾರ್ಚ್ 2

ನಾನೂ ಅವ್ವನೂ ಅಂದು ಬೆಳಿಗ್ಗೆ ಅಲ್ಲಿಗೆ ಬಂದು ನಿಮ್ಮೊಡನೆ ಕುಳಿತುಕೊಳ್ಳುತ್ತೇವೆ. ಬೇಡವೆನ್ನಬೇಡಿರಿ, ಅವ್ವ ಈಗಾಗಲೇ ನಿರ್ಧರಿಸಿಯಾಗಿದೆ. ಹೊದಿಸಲು ಒಂದು ಹಳೆಯ ಕೌದಿಯನ್ನೂ ಉಣ್ಣೆಯ ಭಯವಿಲ್ಲದಂತೆ ಕುದಿನೀರಿನಲ್ಲಿ ಒಗೆದು ಒಣಗಿಸಿ ಇಟ್ಟಿದ್ದಾರೆ.

ರಾಣೇಬೆನ್ನೂರಿನಿಂದ — ಮಾರ್ಚ್ 4, ರಾತ್ರಿ

ದಯವಿಟ್ಟು ಬನ್ನಿರಿ. ಏಳೂವರೆಗೆ ಕೊನೆಯ ಊಟ ಹಾಕಿ ತಟ್ಟೆಯನ್ನು ಎತ್ತಿಟ್ಟಿದ್ದೇವೆ. ಅಡುಗೆಮನೆಯ ಬಾಗಿಲಿಗೆ ನಿಮ್ಮ ಚೀಟಿಯ ಮಾತುಗಳನ್ನೇ ಬರೆದು ಅಂಟಿಸಿದೆವು. ಬರೆದವರು, ಮೋತಿಗೆ ಅಂದು ಹಾಲು ಕೊಟ್ಟವರೇ. ನಸುಕಿನಲ್ಲಿ ಐದಕ್ಕೆ ಹೊರಡುತ್ತೇವೆ, ಅವರೂ ಬರುತ್ತಿದ್ದಾರೆ.